ಅಂಚೆಪೆಟ್ಟಿಗೆಯ ಜಂಗುಳಿಯಲ್ಲಿ ನಮ್ಮ ವಾರ್ತಾಪತ್ರ

ಮುಂಬಯಿ ಮಹಾನಗರದಲ್ಲಿ ಕನ್ನಡ ಸಂಘ-ಸಂಸ್ಥೆಗಳಿಗೆ ಬರವಿಲ್ಲ. ಮಾಟುಂಗದಿಂದ ಡೊಂಬಿವಲಿಯವರೆಗೆ, ವಾಶಿಯಿಂದ ಮೀರಾ ರೋಡಿನವರೆಗೆ ಭಾಷೆಯ ಹೆಸರಿನಲ್ಲಿ, ಊರಿನ ಹೆಸರಿನಲ್ಲಿ, ಸಮಾಜದ ಹೆಸರಿನಲ್ಲಿ ಹತ್ತು ಹಲವು ಸಂಘಟನೆಗಳು ದುಡಿಯುತ್ತಿವೆ. ಹಿಂದೆ ಇವುಗಳ ಸುದ್ದಿ ಸದಸ್ಯರ ಮನೆಗೆ ಅಂಚೆಯಣ್ಣನ ಚೀಲದಲ್ಲಿ ಬರುತ್ತಿತ್ತು. ಇಂದು ಹಲವು ಸಂಘಗಳು ಮಿಂಚಂಚೆಯ ಮೂಲಕವೇ ವಾರ್ತಾಪತ್ರವನ್ನು ಕಳುಹಿಸುತ್ತಿವೆ. ಕಾಗದ, ಮುದ್ರಣ, ಅಂಚೆಚೀಟಿಗಳ ಖರ್ಚು ಉಳಿದದ್ದು ನಿಜ. ಆದರೆ ಕಳುಹಿಸಿದ್ದನ್ನು ಸದಸ್ಯರು ಓದುತ್ತಿದ್ದಾರೆಯೇ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಕಡಿಮೆ.

ಈ ಪ್ರಶ್ನೆ ನಮ್ಮೆದುರು ಬಂದು ನಿಂತದ್ದು ಒಂದು ಕಹಿ ಅನುಭವದಿಂದ. ಬ್ಯಾಂಕಿನ ಕೆಲಸ ಮುಗಿಸಿ, ಸಂಜೆಯ ವೇಳೆ ಸಂಘವೊಂದರ ವಾರ್ತಾಪತ್ರವನ್ನು ಸಿದ್ಧಪಡಿಸುವ ಹೊಣೆ ನಮ್ಮದಾಗಿತ್ತು. ಹಿರಿಯ ರಂಗಕಲಾವಿದರೊಬ್ಬರು ನಿಧನರಾದಾಗ ಅವರ ಶ್ರದ್ಧಾಂಜಲಿ ಸಭೆಯ ಪ್ರಕಟಣೆಯನ್ನು ಆ ತಿಂಗಳ ಪತ್ರದಲ್ಲಿ ಸೇರಿಸಿದೆವು. ಸೇರಿಸಿದ್ದು ಏಳನೆಯ ಸುದ್ದಿಯಾಗಿ. ಅದರ ಮೇಲೆ ಪದಾಧಿಕಾರಿಗಳ ಸನ್ಮಾನದ ಛಾಯಾಚಿತ್ರಗಳು ಸಾಲಾಗಿ ನಿಂತಿದ್ದವು. ವಿಷಯದ ಸಾಲಿನಲ್ಲಿ ‘ಮಾಸಿಕ ವಾರ್ತಾಪತ್ರ’ ಎಂದಷ್ಟೇ ಇತ್ತು. ಸಭೆಗೆ ಬಂದವರು ಇಪ್ಪತ್ತು ಮಂದಿಯೂ ಇರಲಿಲ್ಲ. ಆ ಕಲಾವಿದರೊಂದಿಗೆ ನಲವತ್ತು ವರ್ಷ ಬಣ್ಣ ಹಚ್ಚಿದ್ದ ಹಿರಿಯರೊಬ್ಬರು ವಾರದ ಬಳಿಕ ಭೇಟಿಯಾಗಿ, “ನಮಗೊಂದು ಮಾತು ತಿಳಿಸಬಾರದಿತ್ತೇ ಮಾರಾಯ್ರೇ?” ಎಂದರು. ಕಳುಹಿಸಿದ್ದೆವಲ್ಲ ಎಂದು ಹೇಳಲು ನಾಲಿಗೆ ಏಳಲಿಲ್ಲ. ಕಳುಹಿಸುವುದು ಬೇರೆ, ತಲುಪಿಸುವುದು ಬೇರೆ ಎಂಬುದು ಅಂದು ನಮಗೆ ಮನದಟ್ಟಾಯಿತು. ಆ ಬಳಿಕ ನಾವು ಕಲಿತ ಕೆಲವು ವಿಷಯಗಳನ್ನು ಓದುಗರೊಂದಿಗೆ, ವಿಶೇಷವಾಗಿ ಸಂಘಗಳ ಕಾರ್ಯಕರ್ತರೊಂದಿಗೆ, ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಪೈಪೋಟಿ ಯಾರೊಂದಿಗೆ?

ನಮ್ಮ ಪತ್ರಕ್ಕೆ ಪಕ್ಕದ ಬಡಾವಣೆಯ ಸಂಘದ ಪತ್ರವೇ ಪ್ರತಿಸ್ಪರ್ಧಿ ಎಂದು ಭಾವಿಸುವವರುಂಟು. ಆದರೆ ಸದಸ್ಯರ ಅಂಚೆಪೆಟ್ಟಿಗೆಯನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಅಲ್ಲಿ ಬ್ಯಾಂಕಿನ ಲೆಕ್ಕವಿವರ, ಮ್ಯೂಚುವಲ್ ಫಂಡಿನ ವರದಿ, ವಿದ್ಯುತ್ ಬಿಲ್ಲು, ಬಟ್ಟೆಯಂಗಡಿಯ ರಿಯಾಯಿತಿ, ವಿಮೆಯ ಕಂತು, ಮಗನ ಕಚೇರಿಯಿಂದ ಬಂದ ಟಿಕೆಟು ಎಲ್ಲವೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ನಮ್ಮ ಪೈಪೋಟಿ ಇವೆಲ್ಲವುಗಳೊಂದಿಗೆ.

ಈ ಜಂಗುಳಿ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ರೇ ಟಾಮ್ಲಿನ್ಸನ್ ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಜಾಲದ ಮೂಲಕ ಮೊದಲ ಮಿಂಚಂಚೆಯನ್ನು ಕಳುಹಿಸಿದ್ದು 1971ರಲ್ಲಿ. ಏಳೇ ವರ್ಷಗಳಲ್ಲಿ, 1978ರಲ್ಲಿ, ಗಣಕಯಂತ್ರ ತಯಾರಿಸುವ ಕಂಪೆನಿಯೊಂದರ ಗ್ಯಾರಿ ತ್ಯುರ್ಕ್ ಎಂಬವರು ಸುಮಾರು 400 ಮಂದಿಗೆ ಕೇಳದೆಯೇ ಜಾಹೀರಾತು ಕಳುಹಿಸಿದರು. ಬೇಡದ ಅಂಚೆಯ ಇತಿಹಾಸ ಅಲ್ಲಿಂದ ಆರಂಭವಾಗುತ್ತದೆ. 2013ರಲ್ಲಿ ಜಿಮೇಲ್ ಅಂಚೆಪೆಟ್ಟಿಗೆಯನ್ನೇ ವಿಭಾಗಿಸಿ, ಪ್ರಚಾರದ ಪತ್ರಗಳಿಗೆ ಪ್ರತ್ಯೇಕ ಕೋಣೆಯೊಂದನ್ನು ಕಟ್ಟಿತು. ಸಂಘಗಳ ವಾರ್ತಾಪತ್ರಗಳೂ ಎಷ್ಟೋ ಬಾರಿ ಅದೇ ಕೋಣೆಗೆ ಹೋಗಿ ಬೀಳುತ್ತವೆ.

ಮೊದಲು ಸಹಿ ಹೊಂದಲಿ

ಪತ್ರ ಎದ್ದು ಕಾಣುವುದಕ್ಕೆ ಮುನ್ನ ಅದು ಒಳಗೆ ಪ್ರವೇಶಿಸಬೇಕು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ಸಗಟಾಗಿ ಅಂಚೆ ಕಳುಹಿಸುವವರ ಮೇಲೆ ಕಟ್ಟುನಿಟ್ಟಿನ ನಿಯಮಗಳನ್ನು ವಿಧಿಸಿವೆ. ಎಸ್‌ಪಿಎಫ್, ಡಿಕೆಐಎಮ್, ಡಿಮಾರ್ಕ್ ಎಂಬ ಮೂರು ಹೆಸರುಗಳು ಕೇಳಲು ಕಠಿಣವೆನಿಸಬಹುದು. ಬ್ಯಾಂಕಿನ ವ್ಯವಹಾರ ಬಲ್ಲವರಿಗೆ ಇವು ಹೊಸತಲ್ಲ. ಸಂಘದ ಖಾತೆಯ ಚೆಕ್ಕಿಗೆ ಯಾರು ಯಾರು ಸಹಿ ಮಾಡಬಹುದೆಂಬ ಪಟ್ಟಿ ಬ್ಯಾಂಕಿನಲ್ಲಿರುತ್ತದೆಯಲ್ಲವೇ? ನಮ್ಮ ಹೆಸರಿನಲ್ಲಿ ಅಂಚೆ ಕಳುಹಿಸಲು ಯಾವ ಯಂತ್ರಗಳಿಗೆ ಅಧಿಕಾರವಿದೆ ಎಂಬ ಅಂಥದೇ ಪಟ್ಟಿ ಎಸ್‌ಪಿಎಫ್. ಚೆಕ್ಕಿನ ಮೇಲಿನ ಸಹಿ ಮಾದರಿ ಸಹಿಯೊಂದಿಗೆ ಹೊಂದುತ್ತದೆಯೇ, ಮೊತ್ತವನ್ನು ದಾರಿಯಲ್ಲಿ ಯಾರಾದರೂ ತಿದ್ದಿದ್ದಾರೆಯೇ ಎಂದು ನೋಡುವಂತಹ ಪರೀಕ್ಷೆ ಡಿಕೆಐಎಮ್. ಹೊಂದದಿದ್ದರೆ ಏನು ಮಾಡಬೇಕು, ತಡೆಹಿಡಿಯಬೇಕೇ, ಹಿಂದಿರುಗಿಸಬೇಕೇ ಎಂದು ಖಾತೆದಾರರೇ ಮುಂಚಿತವಾಗಿ ಕೊಟ್ಟಿಡುವ ಸೂಚನೆ ಡಿಮಾರ್ಕ್.

ಇದಕ್ಕೆ ಸಂಘಕ್ಕೆ ಸ್ವಂತ ಜಾಲವಿಳಾಸವಿರಬೇಕು. ಕಾರ್ಯದರ್ಶಿಯವರ ಖಾಸಗಿ ಜಿಮೇಲ್ ವಿಳಾಸದಿಂದ ದಿನಕ್ಕೆ 500ಕ್ಕಿಂತ ಹೆಚ್ಚು ಮಂದಿಗೆ ಕಳುಹಿಸಲು ಅವಕಾಶವಿಲ್ಲ. ಅದೇ ವಿಳಾಸವನ್ನು ಬೇರೊಂದು ಸಗಟು ಅಂಚೆಸೇವೆಯ ಮೂಲಕ ಬಳಸಿದರೆ ಸಹಿ ಹೊಂದದ ಚೆಕ್ಕಿನ ಗತಿಯೇ ಅದಕ್ಕೂ ಒದಗೀತು. ಪದಾಧಿಕಾರಿಗಳು ಬದಲಾಗುತ್ತಾರೆ, ಸಂಘ ಉಳಿಯುತ್ತದೆ. ವಿಳಾಸವೂ ಸಂಘದ್ದೇ ಆಗಿರುವುದು ಸರ್ವಥಾ ಯುಕ್ತ.

ಹೆಸರು ಮತ್ತು ಶೀರ್ಷಿಕೆ

ಅಂಚೆಪೆಟ್ಟಿಗೆಯಲ್ಲಿ ಓದುಗರ ಕಣ್ಣಿಗೆ ಮೊದಲು ಬೀಳುವುದು ಕಳುಹಿಸಿದವರ ಹೆಸರು, ಬಳಿಕ ವಿಷಯದ ಸಾಲು. ಹೆಸರು ಪ್ರತಿ ಬಾರಿಯೂ ಒಂದೇ ಆಗಿರಲಿ. ವಿಷಯದ ಸಾಲು ಪ್ರತಿ ಬಾರಿಯೂ ಹೊಸದಾಗಿರಲಿ. ‘ವಾರ್ತಾಪತ್ರ, ಸಂಚಿಕೆ 14’ ಎಂಬುದು ನಮ್ಮ ಕಡತಕ್ಕೆ ಬೇಕಾದ ಮಾಹಿತಿ. ಓದುಗರಿಗೆ ಅದರಿಂದ ಪ್ರಯೋಜನವಿಲ್ಲ. ‘ಭಾನುವಾರ ಸಂಜೆ 4ಕ್ಕೆ ಮಾಟುಂಗದಲ್ಲಿ ತಾಳಮದ್ದಳೆ’ ಎಂದರೆ ಪತ್ರ ತೆರೆಯದವರಿಗೂ ಸುದ್ದಿ ತಲುಪಿತು. ಮೊಬೈಲಿನ ಕಿರಿದಾದ ತೆರೆಯಲ್ಲಿ ಸಾಲಿನ ಉತ್ತರಾರ್ಧ ಕಾಣಿಸದೇ ಹೋಗುವುದುಂಟು. ಆದ್ದರಿಂದ ಮುಖ್ಯ ಪದಗಳು ಮೊದಲೇ ಬರಬೇಕು. ಇಂಗ್ಲಿಷ್ ಸಾಲುಗಳ ನಡುವೆ ಕನ್ನಡದ ಒಂದು ಸಾಲು ತಾನಾಗಿಯೇ ಎದ್ದು ಕಾಣುತ್ತದೆ. ಈ ಅನುಕೂಲ ದೊಡ್ಡ ಅಂಗಡಿಗಳಿಗಿಲ್ಲ, ನಮಗಿದೆ.

ನಮ್ಮಲ್ಲಿ ಮಾತ್ರ ಸಿಗುವುದು ಯಾವುದು?

ಬೇರೆಯವರಿಗಿಂತ ಭಿನ್ನವಾಗಿರಬೇಕೆಂದು ಅನೇಕರು ಬಣ್ಣ, ಚಿತ್ರ, ಅಲಂಕಾರಗಳಿಗೆ ಮೊರೆಹೋಗುತ್ತಾರೆ. ಈ ಆಟದಲ್ಲಿ ಬಟ್ಟೆಯಂಗಡಿಯನ್ನು ನಾವು ಗೆಲ್ಲಲಾರೆವು. ದಿನಪತ್ರಿಕೆಯಲ್ಲಿ ಬಂದ ಸುದ್ದಿಯನ್ನೇ ಪುನಃ ಬರೆದರೂ ಫಲವಿಲ್ಲ. ಬೇರೆಲ್ಲೂ ಸಿಗದ ಮಾಹಿತಿಯೇ ನಮ್ಮ ಬಂಡವಾಳ: ಕನ್ನಡ ಕಲಿಕಾ ತರಗತಿ ಯಾವ ಶಾಲೆಯಲ್ಲಿ, ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಯಾವುದು, ಊರಿನಿಂದ ಯಾವ ಮೇಳ ಬರುತ್ತಿದೆ, ಆಸ್ಪತ್ರೆಗೆಂದು ಬಂದ ಊರಿನವರಿಗೆ ಉಳಿಯಲು ನೆರವು ಯಾರಲ್ಲಿ ದೊರೆತೀತು, ಯಾವ ಹಿರಿಯರು ನಮ್ಮನ್ನು ಅಗಲಿದರು. ಇದನ್ನು ಯಾವ ದೊಡ್ಡ ಕಂಪೆನಿಯೂ ಕೊಡಲಾರದು.

ಈ ವಿಷಯಗಳಿಗೂ ಒಂದು ಕ್ರಮವಿರಬೇಕು. ಓದುಗರು ಬರಬೇಕಾದ, ಮಾಡಬೇಕಾದ ಸಂಗತಿ ಮೇಲೆ. ಆಗಿಹೋದ ಕಾರ್ಯಕ್ರಮದ ವರದಿ ಕೆಳಗೆ. ಪದಾಧಿಕಾರಿಗಳ ಭಾವಚಿತ್ರ ಎಲ್ಲಕ್ಕಿಂತ ಕೆಳಗೆ. ಈ ಸಲಹೆ ಸಮಿತಿಯ ಸಭೆಯಲ್ಲಿ ಅಷ್ಟೇನೂ ಪ್ರಿಯವಾಗದು ಎಂಬುದನ್ನು ಸ್ವಾನುಭವದಿಂದ ಬಲ್ಲೆವು. ಶ್ರದ್ಧಾಂಜಲಿಯಂತಹ ತುರ್ತು ಸುದ್ದಿಯನ್ನು ಮಾಸಿಕ ಪತ್ರಕ್ಕಾಗಿ ಕಾಯಿಸದೆ ಪ್ರತ್ಯೇಕವಾಗಿಯೇ ಕಳುಹಿಸತಕ್ಕದ್ದು.

ಅಕ್ಷರವಾಗಿಯೇ ಕಳುಹಿಸಿ

ಹಲವು ಸಂಘಗಳು ಆಮಂತ್ರಣ ಪತ್ರಿಕೆಯನ್ನು ಚಿತ್ರವಾಗಿ ಕಳುಹಿಸುತ್ತವೆ. ಚಿತ್ರ ತೆರೆದುಕೊಳ್ಳದಿದ್ದರೆ ಅಲ್ಲಿ ಏನೂ ಉಳಿಯದು. ಮುಂದೆ ಹುಡುಕಿದರೂ ಸಿಗದು. ದೃಷ್ಟಿ ಮಂದವಾದವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ಅದು ಅರ್ಥವಾಗದು. ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಿಸಿದ್ದನ್ನು ಹಾಗೆಯೇ ಅಂಟಿಸಿದರೆ ಓದುಗರಿಗೆ ಕಾಣುವುದು ರೋಮನ್ ಅಕ್ಷರಗಳ ಗೋಜಲು ಮಾತ್ರ. ಯುನಿಕೋಡ್ ಕನ್ನಡದಲ್ಲಿ ಬರೆದರೆ ಈ ತೊಂದರೆಗಳಿಲ್ಲ. ಗಾತ್ರದ ಮೇಲೂ ಗಮನವಿರಲಿ. ಪತ್ರವು ಸುಮಾರು 102 ಕಿಲೋಬೈಟ್ ಮೀರಿದರೆ ಜಿಮೇಲ್ ಉಳಿದ ಭಾಗವನ್ನು ಮರೆಮಾಡುತ್ತದೆ. ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ಎಂದಮೇಲೆ ಮಿತವಾಗಿ ಬರೆಯುವುದೇ ಲೇಸು.

ಒಪ್ಪಿಗೆ ಮತ್ತು ಗೌರವ

ಸದಸ್ಯರ ವಿಳಾಸ ನಮ್ಮ ಬಳಿ ಇಟ್ಟ ಠೇವಣಿಯಿದ್ದಂತೆ. ಎಲ್ಲರ ವಿಳಾಸವೂ ಎಲ್ಲರಿಗೂ ಕಾಣುವಂತೆ ಕಳುಹಿಸುವುದು ಆ ನಂಬಿಕೆಗೆ ಮಾಡುವ ಅಪಚಾರ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆಗೆ ಮಹತ್ವ ಕೊಟ್ಟಿದೆ. ಬೇಡವೆನ್ನುವವರು ಒಂದೇ ಒತ್ತಿಗೆ ಹೊರಹೋಗುವ ದಾರಿ ಇರಲಿ. ದಾರಿ ಸಿಗದವರು ‘ಸ್ಪ್ಯಾಮ್’ ಎಂಬ ಗುಂಡಿಯನ್ನು ಒತ್ತುತ್ತಾರೆ. ಅಂತಹ ದೂರುಗಳ ಪ್ರಮಾಣ ಶೇಕಡಾ 0.3ನ್ನು ಮುಟ್ಟಬಾರದೆಂಬುದು ಗೂಗಲ್ ನಿಯಮ. ಸಾವಿರ ಪತ್ರಗಳಲ್ಲಿ ಮೂರೇ ಮೂರು ದೂರು! ಹತ್ತು ಮಂದಿಯ ಬೇಸರ ಉಳಿದೆಲ್ಲರ ಪತ್ರವನ್ನೂ ಮುಳುಗಿಸಬಲ್ಲದು.

ಲೆಕ್ಕ ಹೇಗೆ?

ಎಷ್ಟು ಮಂದಿ ಪತ್ರ ತೆರೆದರೆಂಬ ಅಂಕಿಅಂಶವನ್ನು ಸಗಟು ಅಂಚೆಸೇವೆಗಳು ಕೊಡುತ್ತವೆ. ಆದರೆ 2021ರಲ್ಲಿ ಆಪಲ್ ಕಂಪೆನಿ ತನ್ನ ಅಂಚೆ ತಂತ್ರಾಂಶದಲ್ಲಿ ಖಾಸಗಿತನದ ವ್ಯವಸ್ಥೆಯೊಂದನ್ನು ತಂದ ಬಳಿಕ, ಓದುಗರು ತೆರೆಯದ ಪತ್ರವೂ ತೆರೆದಂತೆ ದಾಖಲಾಗುವುದುಂಟು. ಆ ಅಂಕಿಯನ್ನು ನೆಚ್ಚಿ ಕುಳಿತರೆ ಲೆಕ್ಕ ತಪ್ಪೀತು. ಎಷ್ಟು ಮಂದಿ ಮಾರುತ್ತರ ಬರೆದರು, ಎಷ್ಟು ಮಂದಿ ಸಭಾಗೃಹಕ್ಕೆ ಬಂದರು ಎಂಬುದೇ ನಿಜವಾದ ಜಮೆ. ಅದಕ್ಕಾಗಿ ಪತ್ರಕ್ಕೆ ಉತ್ತರಿಸಲು ಸಾಧ್ಯವಾಗುವ ವಿಳಾಸವಿರಬೇಕು. ಬಂದ ಉತ್ತರವನ್ನು ಓದುವವರೂ ಒಬ್ಬರಿರಬೇಕು.

ಈ ಕ್ರಮಗಳನ್ನು ಅನುಸರಿಸಿದ ಮೇಲೆ ನಮ್ಮ ಪತ್ರ ಎಲ್ಲರ ಮನೆಮಾತಾಯಿತೆಂದು ಹೇಳುವ ಧೈರ್ಯ ನಮಗಿಲ್ಲ. ಆದರೆ ಅಂದು ನಮ್ಮನ್ನು ಪ್ರಶ್ನಿಸಿದ ಹಿರಿಯರು ಇಂದು ಪ್ರತಿ ಪತ್ರಕ್ಕೂ ಒಂದೆರಡು ಸಾಲು ಉತ್ತರಿಸುತ್ತಾರೆ. ಕೆಲವೊಮ್ಮೆ ಕಾಗುಣಿತದ ತಪ್ಪನ್ನೂ ತೋರಿಸುತ್ತಾರೆ. ಕಳೆದ ಬಾರಿ ಅವರ ಸಮಕಾಲೀನರೊಬ್ಬರು ಅಗಲಿದಾಗ, ನಾವು ಪ್ರತ್ಯೇಕವಾಗಿ ಕಳುಹಿಸಿದ ಎರಡು ಸಾಲಿನ ಪತ್ರವನ್ನು ನೋಡಿ ಡೊಂಬಿವಲಿಯಿಂದ ಲೋಕಲ್ ರೈಲು ಹಿಡಿದು ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಒಂದು ವಾರ್ತಾಪತ್ರ ಮಾಡಬೇಕಾದ ಕೆಲಸ ಇಷ್ಟೇ ಎಂದು ನಾವು ಭಾವಿಸಿದ್ದೇವೆ.