ಪರರ ಬಾಗಿಲ ಮುಂದೆ ನಮ್ಮ ವಾಹನ

ಮನೆಯ ಅಂಗಳ ಮನೆಯವರದು. ಅದರ ಮುಂದಿನ ರಸ್ತೆ ಊರಿನವರೆಲ್ಲರದು. ಈ ಎರಡನ್ನೂ ಜೋಡಿಸುವ ಪ್ರವೇಶದ್ವಾರ ಮಾತ್ರ ಸದಾ ತೆರವಾಗಿರಬೇಕಾದುದು. ಇದನ್ನು ಮರೆತು ವಾಹನ ನಿಲ್ಲಿಸಿದಾಗ ದಂಡ ಬೀಳುತ್ತದೆ, ಕೆಲವೊಮ್ಮೆ ವಾಹನವೇ ಎತ್ತಿಕೊಂಡು ಹೋಗಲ್ಪಡುತ್ತದೆ. ದಂಡ ನ್ಯಾಯವಾದುದಾದರೆ ತೆರುವುದು ಧರ್ಮ. ಅನ್ಯಾಯವಾದುದಾದರೆ ಪ್ರಶ್ನಿಸುವುದು ಹಕ್ಕು. ಯಾವುದು ಯಾವುದೆಂದು ತಿಳಿಯುವ ಬಗೆಯನ್ನು ವಾಚಕ ಕುಟುಂಬಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಬಂಟ್ವಾಳದ ಬಿ.ಸಿ. ರೋಡಿನಿಂದ ಬೆಳ್ತಂಗಡಿ, ಉಜಿರೆಗಳನ್ನು ಹಾದು ಚಾರ್ಮಾಡಿ ಘಟ್ಟವನ್ನೇರುವ ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಪುಂಜಾಲಕಟ್ಟೆ ಒಂದು ಸಣ್ಣ ಪೇಟೆ. ಮಂಗಳೂರಿನ ಕಡೆಯಿಂದ ಧರ್ಮಸ್ಥಳಕ್ಕೆ ಹೊರಟ ಭಕ್ತರಿಗೆ ಇದು ಚಿರಪರಿಚಿತ ಹಾದಿ. ಬಯಲುಸೀಮೆಯ ನಮ್ಮ ಊರುಗಳಲ್ಲಿ ಮನೆಗಳು ಬೀದಿಗೆ ಮುಖಮಾಡಿ ಸಾಲಾಗಿ ನಿಂತಿರುತ್ತವೆ; ಬಾಗಿಲು ಎಲ್ಲಿದೆಯೆಂದು ಯಾರೂ ಹೇಳಬೇಕಾಗಿಲ್ಲ. ಕರಾವಳಿಯ ರೀತಿ ಬೇರೆ. ಅಲ್ಲಿ ಎಷ್ಟೋ ಮನೆಗಳು ಅಡಕೆ, ತೆಂಗಿನ ತೋಟಗಳ ನಡುವೆ ಒಳಗೆಲ್ಲೋ ಇರುತ್ತವೆ. ರಸ್ತೆಗೆ ಕಾಣುವುದು ಎರಡು ಕೆಂಪುಕಲ್ಲಿನ ಕಂಬಗಳು, ಇಲ್ಲವೇ ಬರಿಯ ಮಣ್ಣಿನ ಓಣಿಯ ಬಾಯಿ. ಹೊರಗಿನಿಂದ ಬಂದವರು ಅದನ್ನು ಖಾಲಿ ಜಾಗವೆಂದು ಬಗೆದು ವಾಹನ ನಿಲ್ಲಿಸಿ ಚಹಾಕ್ಕೆ ಇಳಿಯುವುದು ಸಹಜ. ಆದರೆ ಒಳಗಿನ ಮನೆಯವರಿಗೆ ಹೊರಬರಲು ಅದೊಂದೇ ದಾರಿ. ಅಲ್ಲಿ ಎದೆನೋವಿನ ವೃದ್ಧರೋ ತುಂಬು ಗರ್ಭಿಣಿಯೋ ಇದ್ದು 108ರ ಆಂಬುಲೆನ್ಸ್ ಒಳಗೆ ಹೋಗಬೇಕಾಗಿ ಬಂದರೆ, ನಮ್ಮ ಹತ್ತು ನಿಮಿಷದ ವಿಶ್ರಾಂತಿ ಅವರ ಪ್ರಾಣಕ್ಕೆ ಎರವಾದೀತು.

ಕಾನೂನು ಏನೆನ್ನುತ್ತದೆ?

ಯಾವುದೇ ಆವರಣದ ಪ್ರವೇಶದ್ವಾರಕ್ಕೆ ಅಡ್ಡವಾಗಿ ವಾಹನ ನಿಲ್ಲಿಸಬಾರದೆಂದು 1989ರ ರಸ್ತೆ ನಿಯಮಗಳಲ್ಲೇ ಹೇಳಲಾಗಿತ್ತು. ಆ ನಿಯಮಗಳ ಸ್ಥಾನದಲ್ಲಿ ಈಗ 2017ರ ಚಾಲನಾ ನಿಯಮಗಳು ಜಾರಿಯಲ್ಲಿವೆ. ನಿಷೇಧ ನಿಯಮದಿಂದಲೇ ಬಂದುದಾದ್ದರಿಂದ, 'ಅಲ್ಲಿ ಫಲಕವಿರಲಿಲ್ಲ' ಎಂಬ ಸಮಜಾಯಿಷಿ ನಿಲ್ಲುವುದು ಕಷ್ಟ. 'ಐದೇ ನಿಮಿಷ ನಿಲ್ಲಿಸಿದ್ದೆವು' ಎಂಬುದೂ ಹಾಗೆಯೇ.

ಮೋಟಾರು ವಾಹನಗಳ ಕಾಯ್ದೆ, 1988ರ 177ನೆಯ ಕಲಮಿನ ಸಾಮಾನ್ಯ ದಂಡ ಮೊದಲು 100 ರೂಪಾಯಿವರೆಗೆ ಇತ್ತು. 2019ರ ತಿದ್ದುಪಡಿಯಿಂದ ಅದು ಮೊದಲ ಸಲಕ್ಕೆ 500, ಮುಂದಿನ ಸಲಗಳಿಗೆ 1,500 ರೂಪಾಯಿವರೆಗೆ ಏರಿತು. ಸ್ಥಳದಲ್ಲೇ ರಾಜಿಯಾಗಿ ತೆರುವ ಮೊತ್ತವನ್ನು ರಾಜ್ಯ ಸರ್ಕಾರ ಅಧಿಸೂಚನೆಯ ಮೂಲಕ ಗೊತ್ತುಪಡಿಸುತ್ತದೆ.

ವಾಹನವನ್ನು ಎತ್ತಿ ಒಯ್ಯುವ ಅಧಿಕಾರ 127ನೆಯ ಕಲಮಿನಲ್ಲಿದೆ. ವಾಹನವು ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಯಾರ ಗಮನವೂ ಇಲ್ಲದೆ ಬಿದ್ದಿರಬೇಕು, ಇಲ್ಲವೇ ಕಾನೂನಿನಿಂದ ನಿಷಿದ್ಧವಾದ ಜಾಗದಲ್ಲಿ ನಿಂತಿರಬೇಕು. ಅದನ್ನು ತೆಗೆಸಲು ಆ ವ್ಯಾಪ್ತಿಯ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅನುಮತಿ ಕೊಡಬೇಕು. ಕ್ರೇನಿನವನಿಗೆ ಸ್ವಂತ ಅಧಿಕಾರವಿಲ್ಲ. ಮನೆಯ ಯಜಮಾನನಿಗೂ ಇಲ್ಲ. ಆದರೆ ಹೀಗೆ ಕ್ರಮಬದ್ಧವಾಗಿ ಒಯ್ದಾಗ ಎಳೆದೊಯ್ದ ವೆಚ್ಚವೆಲ್ಲ ದಂಡದ ಜೊತೆಗೆ ವಾಹನದ ಒಡೆಯನ ಮೇಲೆಯೇ ಬೀಳುತ್ತದೆ.

ಈ ಅಧಿಕಾರ ಅಳತೆ ಮೀರಿದಾಗ ಜನ ಸುಮ್ಮನಿರಲಿಲ್ಲ. ಬೆಂಗಳೂರಿನಲ್ಲಿ ಗುತ್ತಿಗೆಯ ಟೋಯಿಂಗ್ ಸಿಬ್ಬಂದಿಯ ವರ್ತನೆಯ ಬಗೆಗೆ ದೂರುಗಳು ಹೆಚ್ಚಿದಾಗ, 2022ರ ಫೆಬ್ರವರಿಯಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರ ಸರ್ಕಾರ ಆ ವ್ಯವಸ್ಥೆಯನ್ನು ನಿಲ್ಲಿಸಿತು. ಪ್ರಶ್ನಿಸುವವರಿದ್ದರೆ ವ್ಯವಸ್ಥೆ ತನ್ನನ್ನು ತಾನು ನೋಡಿಕೊಳ್ಳುತ್ತದೆ ಎಂಬುದಕ್ಕೆ ಇದು ನಿದರ್ಶನ.

ಪ್ರಶ್ನಿಸುವ ಬಗೆ

ಮೊಟ್ಟಮೊದಲು ನೆನಪಿಡಬೇಕಾದುದು ಇದು: ಹಣ ಕಟ್ಟಿದರೆ ಮೊಕದ್ದಮೆ ಅಲ್ಲಿಗೇ ಮುಗಿಯುತ್ತದೆ. 200ನೆಯ ಕಲಮಿನಂತೆ ಅದು ರಾಜಿ; ಆಮೇಲೆ ಮುಂದಿನ ಕ್ರಮವಿಲ್ಲ, ವಾದಿಸಲು ಏನೂ ಉಳಿಯುವುದಿಲ್ಲ. 2023ರ ಫೆಬ್ರವರಿ 11ರವರೆಗೆ ರಾಜ್ಯದಲ್ಲಿ ಬಾಕಿ ಸಂಚಾರ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಸಿಕ್ಕಾಗ ಜನ ಸರದಿಯಲ್ಲಿ ನಿಂತು ಹಣ ಕಟ್ಟಿದರು. ರಿಯಾಯಿತಿಯಲ್ಲಿ ತೆತ್ತರೂ ತೆತ್ತಂತೆಯೇ. ಆದ್ದರಿಂದ ತಪ್ಪಿಲ್ಲವೆಂದು ಮನಸ್ಸು ಖಚಿತವಾಗಿ ಹೇಳಿದರೆ ರಾಜಿಗೆ ಒಪ್ಪದೆ ನ್ಯಾಯಾಲಯದ ದಾರಿ ಹಿಡಿಯಬೇಕು. ಆಗ ಪ್ರಕರಣ ಆ ಸ್ಥಳದ ವ್ಯಾಪ್ತಿಯ ಮ್ಯಾಜಿಸ್ಟ್ರೇಟರ ಮುಂದೆ ಹೋಗುತ್ತದೆ. ವರ್ಚುವಲ್ ನ್ಯಾಯಾಲಯಕ್ಕೆ ಹೋದ ಚಲನ್ ಆಗಿದ್ದರೂ 'ವಾದಿಸುತ್ತೇನೆ' ಎಂದರೆ ಸಾಮಾನ್ಯ ನ್ಯಾಯಾಲಯಕ್ಕೆ ವರ್ಗವಾಗುತ್ತದೆ. ಇಂಥ ಸಣ್ಣ ಪ್ರಕರಣಗಳಲ್ಲಿ ಸಮನ್ಸು ಕಳುಹಿಸುವಾಗ ವಕೀಲರ ಮೂಲಕ ಹಾಜರಾಗಲು ಅವಕಾಶ ಕೊಡುವ ಏರ್ಪಾಡು 208ನೆಯ ಕಲಮಿನಲ್ಲಿದೆ. ದೂರದ ಊರಿನ ಯಾತ್ರಿಕರಿಗೆ ಇದು ಉಪಯುಕ್ತ.

ವಾದಕ್ಕೆ ಆಧಾರ ಬೇಕು. ವಾಹನವಿದ್ದ ಸ್ಥಳದ ಛಾಯಾಚಿತ್ರವನ್ನು ದ್ವಾರ, ರಸ್ತೆಯ ಅಂಚು ಎರಡೂ ಕಾಣುವಂತೆ ಅಂದೇ ತೆಗೆದಿರಿಸಬೇಕು. ದ್ವಾರಕ್ಕೂ ವಾಹನಕ್ಕೂ ಇದ್ದ ಅಂತರವನ್ನು ಅಳೆದು ಬರೆದಿಟ್ಟುಕೊಳ್ಳಬೇಕು. ವಾಹನ ಕೆಟ್ಟು ನಿಂತಿದ್ದರೆ ಗ್ಯಾರೇಜಿನ ರಸೀದಿ, ಮಾರಿದ ವಾಹನವಾಗಿದ್ದರೆ ಮಾರಾಟದ ಕಾಗದಪತ್ರ ಒದಗಿಸಬೇಕು. ಚಲನ್‌ನಲ್ಲಿ ಸ್ಥಳ, ವೇಳೆ, ನೋಂದಣಿ ಸಂಖ್ಯೆ ಸರಿಯಿವೆಯೇ, ಅನುಮತಿಯಿತ್ತ ಅಧಿಕಾರಿ ಯಾರು ಎಂಬುದನ್ನು ನೋಡಬೇಕು. ದಂಡಕ್ಕೂ ಎಳೆದೊಯ್ದ ವೆಚ್ಚಕ್ಕೂ ಪ್ರತ್ಯೇಕ ರಸೀದಿ ಕೇಳಬೇಕು. ವಾಹನ ಬಿಡಿಸಿಕೊಳ್ಳುವಾಗ ಅದಕ್ಕೆ ಹಾನಿಯಾಗಿದ್ದರೆ ಅಲ್ಲಿಯೇ ಲಿಖಿತವಾಗಿ ತಿಳಿಸಬೇಕು. ಜಗಳ, ಏರುದನಿ, ಪರಿಚಯದ ಪ್ರಭಾವ ಇವು ಯಾವುವೂ ಸಾಕ್ಷ್ಯವಲ್ಲ.

ಮನೆಯವರಿಗೂ ಒಂದು ಮಾತು

ದ್ವಾರಕ್ಕೆ ಅಡ್ಡ ನಿಂತ ವಾಹನದ ಗಾಳಿ ತೆಗೆಯುವುದು, ಗಾಜು ಒಡೆಯುವುದು ಸಲ್ಲದು. ಅದು ಮನೆಯವರನ್ನೇ ಅಪರಾಧಿಗಳನ್ನಾಗಿಸುತ್ತದೆ. ಸುತ್ತಲಿನ ಅಂಗಡಿಗಳಲ್ಲಿ ವಿಚಾರಿಸಿ, ಚಾಲಕ ಸಿಗದಿದ್ದರೆ 112ಕ್ಕೆ ಅಥವಾ ಸಮೀಪದ ಠಾಣೆಗೆ ಕರೆ ಮಾಡುವುದೇ ಸರಿ. ಪುಂಜಾಲಕಟ್ಟೆಯಲ್ಲಿ ಪೊಲೀಸ್ ಠಾಣೆಯೇ ಇದೆ. ಓಣಿಯ ಬಾಯಲ್ಲಿ 'ಮನೆಗೆ ದಾರಿ' ಎಂಬ ಸಣ್ಣ ಫಲಕವಿಟ್ಟರೆ ಅಪರಿಚಿತರಿಗೆ ತಿಳಿವಳಿಕೆಯಾದೀತು. ಕಾನೂನಿಗೆ ಅದು ಅಗತ್ಯವಿಲ್ಲ, ಸೌಜನ್ಯಕ್ಕೆ ಅಗತ್ಯ.

ಯಾತ್ರೆಗೆ ಹೊರಟ ಕುಟುಂಬಗಳು ವಾಹನ ನಿಲ್ಲಿಸಿ ಇಳಿಯುವ ಮುನ್ನ ಒಮ್ಮೆ ಹಿಂದಿರುಗಿ ನೋಡಲಿ. ಬೆನ್ನ ಹಿಂದೆ ಕಂಬಗಳಿವೆಯೇ, ಓಣಿಯಿದೆಯೇ, ಚಕ್ರದ ಗುರುತುಗಳು ಒಳಗೆ ಹೋಗಿವೆಯೇ ಎಂದು ಗಮನಿಸಲಿ. ಇದ್ದರೆ ಹತ್ತು ಮಾರು ಮುಂದೆ ಹೋಗಿ ನಿಲ್ಲಿಸುವುದು ಕಷ್ಟವೇನಲ್ಲ. ಹಾಗೆ ನಡೆದುಕೊಂಡವರು ಅನ್ಯಾಯದ ದಂಡ ಬಂದಾಗ ತಲೆಯೆತ್ತಿ, ನಿರ್ಭಯವಾಗಿ ನ್ಯಾಯಾಲಯದಲ್ಲಿ ನಿಲ್ಲಬಲ್ಲರು.