ವಸತಿ ಸಮುಚ್ಚಯದ ನೌಕರರು ಮತ್ತು ಕೆಲಸದ ಮೇಲಿನ ಮನಸ್ಸು

ಬೆಂಗಳೂರಿನ ದೊಡ್ಡ ವಸತಿ ಸಮುಚ್ಚಯಗಳನ್ನು ದಿನನಿತ್ಯ ನಡೆಸುವವರು ಸೆಕ್ಯುರಿಟಿ ಗಾರ್ಡ್‌ಗಳು, ಹೌಸ್‌ಕೀಪಿಂಗ್ ಸಿಬ್ಬಂದಿ, ಪ್ಲಂಬರ್, ಎಲೆಕ್ಟ್ರಿಷಿಯನ್ ಹಾಗೂ ಎಸ್‌ಟಿಪಿ, ಅಂದರೆ ಕೊಳಚೆ ನೀರನ್ನು ಶುದ್ಧೀಕರಿಸುವ ಘಟಕದ ನಿರ್ವಾಹಕರು. ಇವರಲ್ಲಿ ಅನೇಕರಿಗೆ ಕೆಲಸ ಹೇಳುವುದು ನಿವಾಸಿಗಳ ಸಂಘವಾದರೆ, ಸಂಬಳ ಕೊಡುವುದು ಗುತ್ತಿಗೆ ಏಜೆನ್ಸಿ. ಹೀಗೆ ಇಬ್ಬರು ಯಜಮಾನರಿದ್ದೂ ಹೊಣೆ ಹೊರುವವರು ಯಾರೂ ಇಲ್ಲದಂತಾದಾಗ, ನೌಕರರ ತೊಡಗುವಿಕೆ, ಅಂದರೆ ತಮ್ಮ ಬುದ್ಧಿ, ಮನಸ್ಸು, ಶ್ರಮಗಳನ್ನು ಒಟ್ಟಾಗಿ ಕೆಲಸದಲ್ಲಿ ಹಾಕುವ ಗುಣ, ಮೊದಲು ಬತ್ತುತ್ತದೆ.

ಈ ಪರಿಕಲ್ಪನೆಗೆ 1990ರಲ್ಲಿ ಶಾಸ್ತ್ರೀಯ ರೂಪ ಕೊಟ್ಟ ಅಮೆರಿಕದ ವಿದ್ವಾಂಸ ವಿಲಿಯಂ ಕಾನ್ ಅದಕ್ಕೆ ಮೂರು ಆಧಾರಗಳನ್ನು ಗುರುತಿಸಿದರು: ಕೆಲಸಕ್ಕೆ ಅರ್ಥವಿದೆಯೆಂಬ ಭಾವ, ಮನಬಿಚ್ಚಿ ಮಾತಾಡಿದರೆ ಕೇಡಾಗದೆಂಬ ಭರವಸೆ, ದುಡಿಯಲು ಬೇಕಾದ ದೇಹ-ಮನಸ್ಸುಗಳ ಕಸುವು. ಹನ್ನೆರಡು ಗಂಟೆ ಗೇಟಿನಲ್ಲಿ ನಿಂತು, ಬದಲಿ ಬಾರದ ಕಾರಣಕ್ಕೆ ಮುಂದಿನ ಪಾಳಿಯನ್ನೂ ಹೊತ್ತ ಕಾವಲುಗಾರನಲ್ಲಿ ಮೂರನೆಯದೇ ಉಳಿದಿರುವುದಿಲ್ಲ. ಅವನಿಗೆ ಕುರ್ಚಿ, ಶೌಚಾಲಯ, ಊಟಕ್ಕೆ ನೆರಳಿನ ಜಾಗ, ವಾರದ ರಜೆ ಸಿಗುವವರೆಗೆ ಹಬ್ಬದ ಸಿಹಿ ಪೊಟ್ಟಣವಾಗಲಿ ‘ತಿಂಗಳ ಉತ್ತಮ ನೌಕರ’ ಪ್ರಶಸ್ತಿಯಾಗಲಿ ಹೆಚ್ಚೇನೂ ಮಾಡಲಾರದು.

ಎರಡನೆಯ ಆಧಾರದ ಬೆಲೆ ಎಸ್‌ಟಿಪಿಯಲ್ಲಿ ಚೆನ್ನಾಗಿ ತಿಳಿಯುತ್ತದೆ. ಗಾಳಿ ಊದುವ ಬ್ಲೋವರ್‌ನ ಸದ್ದು ಬದಲಾದುದನ್ನೂ ತೊಟ್ಟಿಯ ವಾಸನೆ ಕೆಟ್ಟುದನ್ನೂ ಮೊದಲು ಅರಿಯುವವನು ಅಲ್ಲಿನ ನಿರ್ವಾಹಕ. ಹೇಳಿದರೆ ತನ್ನ ತಲೆಗೇ ತಪ್ಪು ಬಂದೀತೆಂದು ಅವನು ಸುಮ್ಮನಿದ್ದರೆ ಯಂತ್ರ ಕೆಡುತ್ತದೆ, ವಿಷಾನಿಲ ತುಂಬಿದ ತೊಟ್ಟಿಗೆ ಇಳಿಯುವಂತೆ ಹೇಳಿದಾಗಲೂ ಸುಮ್ಮನಿದ್ದರೆ ಪ್ರಾಣವೇ ಹೋಗುತ್ತದೆ. ರಕ್ಷಣಾ ಸಾಧನಗಳಿಲ್ಲದೆ ಯಾರನ್ನೂ ಸೆಪ್ಟಿಕ್ ಟ್ಯಾಂಕ್‌ಗೆ ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದ್ದರೂ, ‘ಇಳಿಯುವುದಿಲ್ಲ’ ಎನ್ನುವ ಧೈರ್ಯ ನೌಕರನಿಗೆ ಬರುವುದು ಸಂಘ ಬೆನ್ನಿಗಿದೆ ಎಂದು ಗೊತ್ತಿದ್ದಾಗ ಮಾತ್ರ.

ಕೆಲಸಕ್ಕೆ ಅರ್ಥ ಬರಲು ಕಲಿಕೆಯೂ ಬೇಕು, ಹೆಸರು ಹಿಡಿದು ಕರೆಯುವ ಮರ್ಯಾದೆಯೂ ಬೇಕು. ಆದರೆ ವರ್ಷ ವರ್ಷವೂ ಅತಿ ಕಡಿಮೆ ದರ ಹೇಳಿದ ಏಜೆನ್ಸಿಗೇ ಗುತ್ತಿಗೆ ಕೊಡುವ ಪದ್ಧತಿ ಇದೆಲ್ಲವನ್ನೂ ಹಾಳುಮಾಡುತ್ತದೆ, ಏಕೆಂದರೆ ಕಡಿತಗೊಂಡ ಹಣ ಕೊನೆಗೆ ಬರುವುದು ಕಾರ್ಮಿಕನ ಪಾಲಿನಿಂದಲೇ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಕೊಡಬೇಕೆಂಬ ತತ್ತ್ವವನ್ನು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯೇ ಒಪ್ಪಿತ್ತು. ಆದ್ದರಿಂದ ಫ್ಲ್ಯಾಟ್ ಮಾಲೀಕರು ಮುಂದಿನ ಸರ್ವಸದಸ್ಯರ ಸಭೆಯಲ್ಲಿ ನಿರ್ವಹಣಾ ಶುಲ್ಕದ ಲೆಕ್ಕ ಕೇಳುವಾಗ, ಸಿಬ್ಬಂದಿಯ ಪಿಎಫ್ ಮತ್ತು ಇಎಸ್‌ಐ ಚಲನ್‌ಗಳನ್ನೂ ಕೇಳಿ ನೋಡಬೇಕು.