ಫ್ಯಾನೂ ಇಲ್ಲ, ಪವರ್ ಸಪ್ಲೈಯೂ ಇಲ್ಲದ ಸರ್ವರ್

ಬೆಳೆಸಾಲವಿರಲಿ, ಬೆಳೆ ವಿಮೆಯಿರಲಿ, ಅಣ್ಣತಮ್ಮಂದಿರ ಪಾಲು ವಿಭಾಗವಿರಲಿ, ಮೊದಲು ಕೇಳುವುದು ಪಹಣಿಯನ್ನೇ. ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನ ಗೋವಿನಕೋವಿಯ ಹೊಲಗದ್ದೆಗಳ ಪಹಣಿ ಒಂದು ಕಾಲಕ್ಕೆ ಶಾನುಭೋಗರ, ಆಮೇಲೆ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. 2000ರ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಬಂದು ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಆಗ ತಾಲ್ಲೂಕು ಕಚೇರಿಗೊಂದು ಸರ್ವರ್. ನ್ಯಾಮತಿ ಇನ್ನೂ ತಾಲ್ಲೂಕಾಗಿರಲಿಲ್ಲ, ಹಾಗಾಗಿ ಆ ಸೀಮೆಯ ದಾಖಲೆಯೆಲ್ಲ ಹೊನ್ನಾಳಿಯಲ್ಲಿ. 15 ರೂಪಾಯಿ ಕೊಟ್ಟರೆ ಕೈಗೆ ಪ್ರಿಂಟ್. ಮುಂದೆ ಈ ದಾಖಲೆಗಳು ತಾಲ್ಲೂಕು ಬಿಟ್ಟು ಬೆಂಗಳೂರಿನ ರಾಜ್ಯ ಡೇಟಾ ಸೆಂಟರ್ ಸೇರಿಕೊಂಡವು. ಇವತ್ತು ಪಹಣಿ ಅಚ್ಚಾಗುವುದು ನಾಡಕಚೇರಿಯ ಪ್ರಿಂಟರಿನಲ್ಲಾದರೂ ಅದರ ವಾಸ ಸುಮಾರು ಮುನ್ನೂರು ಕಿಲೋಮೀಟರ್ ಆಚೆ.

ಕಿಟಕಿಯಾಚೆಯಿಂದ ಆಗಾಗ ಕೇಳಿಬರುವ 'ಸರ್ವರ್ ಇಲ್ಲ, ನಾಳೆ ಬನ್ನಿ' ಎಂಬ ಮಾತು ಕರ್ನಾಟಕದ ಹಳ್ಳಿಗಳಿಗೆಲ್ಲ ಬಾಯಿಪಾಠವಾಗಿದೆ. ಬೈಸಿಕೊಳ್ಳುವ ಆ ಸರ್ವರನ್ನು ಕಣ್ಣಾರೆ ಕಂಡವರು ಮಾತ್ರ ಕಡಿಮೆ. ಸರ್ವರ್‌ಗಳ ಪೈಕಿ ಅತಿ ವಿಚಿತ್ರ ರಚನೆಯದ್ದು ಬ್ಲೇಡ್ ಸರ್ವರ್. ಅದನ್ನು ಹೊರತೆಗೆದು ಮೇಜಿನ ಮೇಲಿಟ್ಟು ಗೋಡೆಯ ಪ್ಲಗ್ಗಿಗೆ ಸಿಕ್ಕಿಸೋಣವೆಂದರೆ ಸಿಕ್ಕಿಸಲು ವೈರೇ ಇರುವುದಿಲ್ಲ.

ಡೇಟಾ ಸೆಂಟರಿನಲ್ಲಿ ಸಾಮಾನ್ಯವಾಗಿ ಕಾಣುವುದು ರ‍್ಯಾಕ್ ಸರ್ವರ್. ಹತ್ತೊಂಬತ್ತು ಇಂಚು ಅಗಲದ ಕಬ್ಬಿಣದ ಚೌಕಟ್ಟು, ಅದರಲ್ಲಿ ಒಂದರ ಮೇಲೊಂದು ಮಲಗಿಸಿದ ಚಪ್ಪಟೆ ಪೆಟ್ಟಿಗೆಗಳು. ಎತ್ತರವನ್ನು ಅಳೆಯುವುದು 'ಯು' ಲೆಕ್ಕದಲ್ಲಿ. ಒಂದು ಯು ಅಂದರೆ 1.75 ಇಂಚು, ಸಾಧಾರಣ ರ‍್ಯಾಕಿನ ಎತ್ತರ 42 ಯು. ಇಲ್ಲಿ ಪ್ರತಿ ಪೆಟ್ಟಿಗೆಯೂ ಸ್ವತಂತ್ರ. ಅದಕ್ಕೆ ಅದರದೇ ಎರಡು ಪವರ್ ಸಪ್ಲೈ, ಅದರದೇ ಸಾಲು ಫ್ಯಾನು, ಅದರದೇ ನೆಟ್‌ವರ್ಕ್ ಕೇಬಲ್ಲು. ಹದಿನಾರು ಸರ್ವರ್ ಇಟ್ಟರೆ ಲೆಕ್ಕ ಹಾಕಿ: ಒಂದೊಂದಕ್ಕೆ ಎರಡು ವಿದ್ಯುತ್ ವೈರು, ನಾಲ್ಕು ನೆಟ್‌ವರ್ಕ್ ಕೇಬಲ್, ಡಿಸ್ಕ್ ಸಂಗ್ರಹಕ್ಕೆ ಹೋಗುವ ಎರಡು ಫೈಬರ್, ನಿಗಾ ನೋಡಲು ಇನ್ನೊಂದು. ಹದಿನಾರು ಒಂಬತ್ತಲೆ ನೂರ ನಲವತ್ತನಾಲ್ಕು. ರ‍್ಯಾಕಿನ ಹಿಂಬದಿಯ ಬಾಗಿಲು ತೆರೆದರೆ ಗಾಳಿ ಹೊರಡಲೂ ದಾರಿಯಿಲ್ಲದಷ್ಟು ಕೇಬಲ್ಲು. ಯಾವುದನ್ನೋ ಕೀಳಲು ಹೋಗಿ ಇನ್ನಾವುದನ್ನೋ ಕಿತ್ತು ಬೈಸಿಕೊಂಡ ತಂತ್ರಜ್ಞರು ಎಲ್ಲ ಕಡೆ ಇದ್ದಾರೆ.

ಬ್ಲೇಡ್ ಮಾಡಿದವರು ಈ ಪೆಟ್ಟಿಗೆಯಿಂದ ಒಂದೊಂದೇ ಭಾಗವನ್ನು ಕಳಚುತ್ತ ಹೋದರು. ಪವರ್ ಸಪ್ಲೈ ತೆಗೆದರು, ಫ್ಯಾನು ತೆಗೆದರು, ಕೇಬಲ್ಲಿನ ಸಾಕೆಟ್ಟುಗಳನ್ನು ತೆಗೆದರು. ಉಳಿದದ್ದು ಪ್ರೊಸೆಸರ್, ಮೆಮೊರಿ, ಒಂದೆರಡು ಸಣ್ಣ ಡಿಸ್ಕು, ಹಿಂಬದಿಗೆ ಒಂದು ಗಟ್ಟಿ ಕನೆಕ್ಟರು. ಕಳಚಿದ್ದನ್ನೆಲ್ಲ ಒಂದು ದೊಡ್ಡ ಚಾಸಿಯಲ್ಲಿ ಕೂಡಿಸಿ, ಅದರೊಳಗೆ ಕೂರುವ ಬ್ಲೇಡುಗಳೆಲ್ಲ ಹಂಚಿಕೊಳ್ಳಲಿ ಎಂದು ಬಿಟ್ಟರು. 2006ರಲ್ಲಿ ಎಚ್‌ಪಿ ಹೊರತಂದ ಸಿ7000 ಎಂಬ ಚಾಸಿ ಈ ಜಾತಿಯ ಅತ್ಯಂತ ಪರಿಚಿತ ಮಾದರಿ. ಎತ್ತರ 10 ಯು, ತುಂಬಿದರೆ ತೂಕ ಇನ್ನೂರು ಕಿಲೋ ಮೀರುತ್ತದೆ. ಮುಂಭಾಗದಲ್ಲಿ ಹದಿನಾರು ಅರ್ಧ ಎತ್ತರದ ಬ್ಲೇಡು ಅಥವಾ ಎಂಟು ಪೂರ್ಣ ಎತ್ತರದವು. ಹಿಂಭಾಗದಲ್ಲಿ ಹತ್ತು ಫ್ಯಾನು, ನೆಟ್‌ವರ್ಕ್ ಸ್ವಿಚ್ಚುಗಳಿಗೆ ಎಂಟು ಗೂಡು. ಪವರ್ ಸಪ್ಲೈ ಆರೇ ಆರು. ಅಷ್ಟೇ ಸಂಖ್ಯೆಯ ರ‍್ಯಾಕ್ ಸರ್ವರ್‌ಗಳಿಗೆ ಮೂವತ್ತೆರಡು ಬೇಕಾಗುತ್ತಿತ್ತು.

ಮುಂದಿನ ಬ್ಲೇಡಿಗೂ ಹಿಂದಿನ ಸ್ವಿಚ್ಚಿಗೂ ನಡುವೆ ನಿಂತಿರುವುದು ಮಿಡ್‌ಪ್ಲೇನ್ ಎಂಬ ದಪ್ಪನೆಯ ಸರ್ಕ್ಯೂಟ್ ಹಲಗೆ. ಎರಡೂ ಕಡೆಯಿಂದ ಕನೆಕ್ಟರುಗಳು ಬಂದು ಅದಕ್ಕೆ ಕಚ್ಚಿಕೊಳ್ಳುತ್ತವೆ, ಕೇಬಲ್ಲುಗಳ ಜಾಗದಲ್ಲಿ ಅದರೊಳಗಿನ ತಾಮ್ರದ ಗೆರೆಗಳು ಓಡುತ್ತವೆ. ಇದರ ಮೇಲೆ ಬಿಸಿಯಾಗುವ, ಕೆಡುವ ಚಿಪ್ಪುಗಳನ್ನು ಬೇಕೆಂದೇ ಇಟ್ಟಿಲ್ಲ. ಏಕೆಂದರೆ ಬ್ಲೇಡು ಕೆಟ್ಟರೆ ಓಡುತ್ತಿರುವಾಗಲೇ ಎಳೆದು ಇನ್ನೊಂದನ್ನು ನೂಕಬಹುದು, ಫ್ಯಾನು ಹೋದರೂ ಹಾಗೇ. ಮಿಡ್‌ಪ್ಲೇನ್ ಬದಲಿಸಬೇಕಾದರೆ ಹದಿನಾರೂ ಸರ್ವರ್ ಆರಿಸಬೇಕು.

ಬ್ಲೇಡ್ ಸರ್ವರ್ ಹುಟ್ಟಿದ್ದು ಇವತ್ತಿನದಕ್ಕಿಂತ ಬಹಳ ಬೇರೆ ಉದ್ದೇಶಕ್ಕೆ. 2001ರಲ್ಲಿ ಅಮೆರಿಕದ ಟೆಕ್ಸಸ್‌ನ ಆರ್‌ಎಲ್‌ಎಕ್ಸ್ ಎಂಬ ಸಣ್ಣ ಕಂಪನಿ 3 ಯು ಎತ್ತರದಲ್ಲಿ 24 ಬ್ಲೇಡು ತುಂಬಿ ಮಾರುಕಟ್ಟೆಗೆ ಬಿಟ್ಟಿತು. ಒಂದು ರ‍್ಯಾಕಿಗೆ 336 ಸರ್ವರ್! ಅದು ಸಾಧ್ಯವಾದದ್ದು ಟ್ರಾನ್ಸ್‌ಮೆಟಾ ಕಂಪನಿಯ ಕ್ರೂಸೋ ಎಂಬ ಪ್ರೊಸೆಸರಿನಿಂದ. ಲ್ಯಾಪ್‌ಟಾಪಿನ ಬ್ಯಾಟರಿ ಉಳಿಸಲೆಂದೇ ಮಾಡಿದ್ದ ಅದು ವಿದ್ಯುತ್ತನ್ನು ಸ್ವಲ್ಪವೇ ಕುಡಿಯುತ್ತಿತ್ತು. ಮರುವರ್ಷ ಲಾಸ್ ಅಲಮೋಸ್ ಪ್ರಯೋಗಾಲಯದ ವಿಜ್ಞಾನಿಗಳು ಇಂಥ 240 ಪ್ರೊಸೆಸರುಗಳನ್ನು ಸೇರಿಸಿ 'ಗ್ರೀನ್ ಡೆಸ್ಟಿನಿ' ಎಂಬ ಗಣಕ ಕಟ್ಟಿದರು. ಅದನ್ನು ಇಟ್ಟದ್ದು ಏಸಿ ಇಲ್ಲದ, ಧೂಳು ತುಂಬಿದ ಗೋದಾಮಿನಲ್ಲಿ. ಒಟ್ಟು ಬಳಕೆ 3.2 ಕಿಲೋವ್ಯಾಟ್. ಅಂಥ ಜಾಗದಲ್ಲೂ ಅದು ಕೆಡದೆ ನಡೆಯಿತು.

ಗ್ರಾಹಕರಿಗೆ ಬೇಕಾದದ್ದು ವೇಗ. ಕ್ರೂಸೋ ಹಿಂದೆ ಬಿತ್ತು, ಇಂಟೆಲ್ಲಿನ ಬಿಸಿಬಿಸಿ ಪ್ರೊಸೆಸರುಗಳು ಬ್ಲೇಡಿನೊಳಗೆ ಬಂದವು. 2002ರಲ್ಲಿ ಐಬಿಎಂ 7 ಯು ಎತ್ತರದಲ್ಲಿ 14 ಬ್ಲೇಡು ಹಿಡಿಸುವ ಬ್ಲೇಡ್‌ಸೆಂಟರ್ ತಂದಿತು, ಎಚ್‌ಪಿ, ಡೆಲ್ ಕೂಡ ಕಣಕ್ಕಿಳಿದವು, 2009ರಲ್ಲಿ ಸಿಸ್ಕೋ. ಆರ್‌ಎಲ್‌ಎಕ್ಸ್ ಅನ್ನು 2005ರಲ್ಲಿ ಎಚ್‌ಪಿಯೇ ಕೊಂಡುಕೊಂಡಿತು. ವಿದ್ಯುತ್ ಉಳಿಸಲು ಹುಟ್ಟಿದ ಯಂತ್ರ ಹೀಗೆ ಹತ್ತು ವರ್ಷದೊಳಗೆ ಡೇಟಾ ಸೆಂಟರಿನ ಅತಿ ಬಿಸಿಯ ಮೂಲೆಯಾಯಿತು.

ಆ ಬಿಸಿಯ ಲೆಕ್ಕ ಹೊನ್ನಾಳಿ, ಚನ್ನಗಿರಿಯ ರೈತರಿಗೆ ಬೇಗ ಗೊತ್ತಾಗುತ್ತದೆ. ತುಂಬಿದ ಒಂದು ಚಾಸಿ ಪೂರ್ತಿ ದುಡಿಯುವಾಗ ಎಳೆಯುವುದು ಹತ್ತಿರ ಹತ್ತಿರ ಐದೂವರೆ ಕಿಲೋವ್ಯಾಟ್, ಅಂದರೆ ಏಳೂವರೆ ಅಶ್ವಶಕ್ತಿಯ ಪಂಪ್‌ಸೆಟ್ಟಿನಷ್ಟು. ಒಂದು ರ‍್ಯಾಕಿಗೆ ಇಂಥ ನಾಲ್ಕು ಚಾಸಿ. ಎರಡಡಿ ಅಗಲದ ಬೀರುವಿನಲ್ಲಿ ನಾಲ್ಕು ಮೋಟರು ಹಗಲೂ ರಾತ್ರಿ ಓಡಿದ ಹಾಗೆ, ಅದೂ ತ್ರೀ ಫೇಸ್ ತಪ್ಪದೆ. ಮೋಟರಿಗೆ ಕೊಟ್ಟ ವಿದ್ಯುತ್ತು ಅಡಿಕೆ ತೋಟಕ್ಕೆ ನೀರನ್ನಾದರೂ ಎತ್ತುತ್ತದೆ. ಸರ್ವರಿಗೆ ಕೊಟ್ಟದ್ದು ಲೆಕ್ಕ ಮಾಡಿಕೊಟ್ಟು ಕೊನೆಗೆ ಪೂರ್ತಿ ಶಾಖವಾಗಿಯೇ ಹೊರಬೀಳುತ್ತದೆ. ಅದನ್ನು ಹೊರಗೆ ಸಾಗಿಸಲು ಮತ್ತೆ ಏಸಿ, ಏಸಿಗೆ ಮತ್ತೆ ವಿದ್ಯುತ್ತು.

ಆದ್ದರಿಂದ ಬ್ಲೇಡ್ ಚಾಸಿಯ ಜಾಣತನವೆಲ್ಲ ಗಾಳಿಯ ಸುತ್ತಲೇ ಇದೆ. ಸಿ7000ದ ಫ್ಯಾನುಗಳಿಗೆ ಪ್ರೇರಣೆ ಹವ್ಯಾಸಿಗಳು ಹಾರಿಸುವ ಆಟದ ಜೆಟ್ ವಿಮಾನಗಳ ಫ್ಯಾನು: ಕೊಳವೆಯೊಳಗೆ ಅತಿ ವೇಗದಲ್ಲಿ ತಿರುಗಿ ಇಕ್ಕಟ್ಟಿನ ಜಾಗದಿಂದ ಗಾಳಿಯನ್ನು ಸೆಳೆದು ಹಿಂದಕ್ಕೆ ಎಸೆಯುವಂಥವು. ಯಾವ ಬ್ಲೇಡು ಬಿಸಿಯಾಗಿದೆ ಎಂದು ನೋಡಿ ಆ ಭಾಗದ ಫ್ಯಾನುಗಳ ವೇಗವನ್ನು ಚಾಸಿಯೇ ಏರಿಸುತ್ತದೆ. ಪವರ್ ಸಪ್ಲೈಗಳಲ್ಲೂ ಇಂಥದೇ ಲೆಕ್ಕಾಚಾರ. ಆರರಲ್ಲಿ ಮೂರನ್ನು ಒಂದು ವಿದ್ಯುತ್ ಮಾರ್ಗಕ್ಕೆ, ಮೂರನ್ನು ಇನ್ನೊಂದಕ್ಕೆ ಜೋಡಿಸಿದರೆ ಒಂದು ಮಾರ್ಗ ಪೂರ್ತಿ ಹೋದರೂ ಉಳಿದ ಮೂರು ಎಲ್ಲರನ್ನೂ ಸಾಕುತ್ತವೆ. ಕೆಲಸ ಕಡಿಮೆಯಿದ್ದಾಗ ಕೆಲವು ಸಪ್ಲೈಗಳು ತಾವಾಗಿ ಮಲಗುತ್ತವೆ. ಎಚ್ಚರವಾಗಿರುವವು ಆಗ ಹೆಚ್ಚು ಹೊರೆ ಹೊರುವುದರಿಂದ ಸೋರಿಕೆ ಕಡಿಮೆಯಾಗುತ್ತದೆ. ಇಷ್ಟೆಲ್ಲ ಮಾಡಿದ ಯಂತ್ರವನ್ನು ಕೊಂಡವರು ಸೋಲುವುದು ಒಂದು ತಗಡಿನ ವಿಷಯದಲ್ಲಿ. ಖಾಲಿ ಗೂಡಿಗೆ ಮುಚ್ಚಳ ಹಾಕದಿದ್ದರೆ ಗಾಳಿಯೆಲ್ಲ ಆ ಕಂಡಿಯಿಂದ ನುಗ್ಗಿ, ಪಕ್ಕದ ಬ್ಲೇಡು ಬೇಯುತ್ತದೆ. ಅರ್ಧ ತುಂಬಿದ ಚಾಸಿಗಳಲ್ಲಿ ಮುಚ್ಚಳವಿಲ್ಲದ ಗೂಡು ಅಪರೂಪದ ದೃಶ್ಯವೇನಲ್ಲ.

ನಮ್ಮ ಸುತ್ತಮುತ್ತ ಬ್ಲೇಡ್ ಏನು ಮಾಡಬಲ್ಲದು ಎಂದು ಮೊದಲು ತೋರಿಸಿದ್ದು ಪುಣೆ. 2007ರ ನವೆಂಬರಿನಲ್ಲಿ ಟಾಟಾ ಸಮೂಹದ ಸಿಆರ್‌ಎಲ್ ಕಟ್ಟಿದ 'ಏಕ' ಎಂಬ ಸೂಪರ್ ಕಂಪ್ಯೂಟರ್ ಜಗತ್ತಿನ ಪಟ್ಟಿಯಲ್ಲಿ ನಾಲ್ಕನೆಯದಾಗಿ ಕಾಣಿಸಿಕೊಂಡಿತು. ಅದರ ಒಳಗಿದ್ದದ್ದು ಎಚ್‌ಪಿಯ ಸುಮಾರು 1,800 ಬ್ಲೇಡು. ಕೇಬಲ್ಲಿನ ಉದ್ದ ಕಡಿಮೆಯಾಗಲೆಂದು ರ‍್ಯಾಕುಗಳನ್ನು ಸಾಲಾಗಿ ಇಡದೆ ಹೆಚ್ಚುಕಡಿಮೆ ದುಂಡಗೆ ನಿಲ್ಲಿಸಿದ್ದರು. ನಮ್ಮದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 2015ರಲ್ಲಿ ಬಂದ 'ಸಹಸ್ರಟಿ' ಇನ್ನೂ ಒಂದು ಹೆಜ್ಜೆ ಮುಂದೆ. ಇದು ಕ್ರೇ ಕಂಪನಿಯ ಎಕ್ಸ್‌ಸಿ40. ಒಂದು ಬ್ಲೇಡಿನಲ್ಲಿ ಒಂದಲ್ಲ, ನಾಲ್ಕು ಸರ್ವರ್. ಆ ನಾಲ್ಕಕ್ಕೂ ಸೇರಿ ಏರೀಸ್ ಎಂಬ ಒಂದೇ ನೆಟ್‌ವರ್ಕ್ ಚಿಪ್ಪು. ಹದಿನಾರು ಬ್ಲೇಡಿಗೆ ಒಂದು ಚಾಸಿ, ಮೂರು ಚಾಸಿಗೆ ಒಂದು ಬೀರು. ಪ್ರೊಸೆಸರ್ ಮಾತ್ರವಿರುವ ಸರ್ವರ್‌ಗಳೇ 1,376, ಅಂದರೆ 344 ಬ್ಲೇಡು, 33,024 ಕೋರುಗಳು. ಇಲ್ಲಿ ಗಾಳಿ ಮುಂದಿನಿಂದ ಹಿಂದಕ್ಕೆ ಹೋಗುವುದಿಲ್ಲ. ಬೀರುಗಳ ಸಾಲಿನ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಅಡ್ಡಡ್ಡ ಬೀಸುತ್ತ, ಪ್ರತಿ ಬೀರು ದಾಟಿದಾಗಲೂ ತಣ್ಣೀರಿನ ಸುರುಳಿಯೊಂದನ್ನು ಹಾದು ತಂಪಾಗಿ ಮುಂದಿನದಕ್ಕೆ ಹೋಗುತ್ತದೆ. ಇಷ್ಟು ಅಚ್ಚುಕಟ್ಟಾದ ಗಾಳಿ ವ್ಯವಸ್ಥೆ ವಾಣಿಜ್ಯ ಬ್ಲೇಡುಗಳಿಗೆ ಎಂದೂ ದಕ್ಕಲಿಲ್ಲ.

ಆದರೆ ಸರ್ಕಾರ, ಬ್ಯಾಂಕುಗಳಂಥ ಕಡೆ ಬ್ಲೇಡಿನ ನಿಜವಾದ ಲಾಭ ಜಾಗ ಉಳಿಸುವುದಲ್ಲ. ಬೆಂಗಳೂರಿನಂಥ ಊರಿನಲ್ಲೂ ಡೇಟಾ ಸೆಂಟರಿಗೆ ಮೊದಲು ಕೊರತೆಯಾಗುವುದು ನೆಲ ಅಲ್ಲ, ವಿದ್ಯುತ್ತು ಮತ್ತು ತಂಪು. ಲಾಭ ಇರುವುದು ಸರ್ವರಿನ ಗುರುತನ್ನು ಸರ್ವರಿನಿಂದ ಬೇರ್ಪಡಿಸಿದ್ದರಲ್ಲಿ. ಸಾಮಾನ್ಯ ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸ ಅದರ ಕಾರ್ಡಿನಲ್ಲೇ ಬರೆದಿರುತ್ತದೆ. ಯಂತ್ರ ಬದಲಾದರೆ ಸ್ವಿಚ್ಚು, ಫೈರ್‌ವಾಲು, ಡಿಸ್ಕ್ ಸಂಗ್ರಹ ಎಲ್ಲಕ್ಕೂ ಹೊಸ ವಿಳಾಸ ತಿಳಿಸಬೇಕು. ಎಚ್‌ಪಿಯ ವರ್ಚುವಲ್ ಕನೆಕ್ಟ್, ಸಿಸ್ಕೋದ ಸರ್ವಿಸ್ ಪ್ರೊಫೈಲ್ ಇವು ವಿಳಾಸವನ್ನು ಕಾರ್ಡಿನಿಂದ ಕಿತ್ತು ಬ್ಲೇಡಿನ ಹೊರಗಿನ ನಿಯಂತ್ರಣ ವ್ಯವಸ್ಥೆಯ ಲೆಕ್ಕಕ್ಕೆ ಬರೆದವು. ಆಪರೇಟಿಂಗ್ ಸಿಸ್ಟಮ್ಮೂ ಬ್ಲೇಡಿನೊಳಗಿನ ಡಿಸ್ಕಿನಲ್ಲಿ ಇರದೆ ಹೊರಗಿನ ಸಂಗ್ರಹದಲ್ಲಿದ್ದರೆ, ರಾತ್ರಿ ಎರಡು ಗಂಟೆಗೆ ಬ್ಲೇಡು ಸತ್ತಾಗ ಮಾಡಬೇಕಾದ ಕೆಲಸ ಇಷ್ಟೇ: ಸತ್ತದ್ದನ್ನು ಎಳೆ, ಹೊಸದನ್ನು ನೂಕು. ಅದೇ ಹೆಸರು, ಅದೇ ವಿಳಾಸ, ಅದೇ ಕೆಲಸ ಹಿಡಿದು ಏಳುತ್ತದೆ.

ಹಾಗಾದರೆ ನಾಡಕಚೇರಿಯಲ್ಲಿ ಸರ್ವರ್ ಯಾಕೆ 'ಇಲ್ಲ'ವಾಗುತ್ತದೆ? ನನ್ನನ್ನು ಕೇಳಿದರೆ ಕೊನೆಯದಾಗಿ ಶಂಕಿಸಬೇಕಾದದ್ದು ಬ್ಲೇಡು. ಹಳ್ಳಿಯ ಕಂಪ್ಯೂಟರಿನಿಂದ ಬೆಂಗಳೂರಿನ ಡಿಸ್ಕಿನವರೆಗೆ ಹಾದಿ ಉದ್ದ: ಊರಿನ ಕರೆಂಟು, ಯುಪಿಎಸ್ ಬ್ಯಾಟರಿ, ರಸ್ತೆ ಅಗಲ ಮಾಡುವಾಗ ಜೆಸಿಬಿಗೆ ಸಿಗುವ ಫೈಬರ್, ಬೆರಳಚ್ಚು ಒಪ್ಪಿಸುವ ಇನ್ನೊಂದು ವ್ಯವಸ್ಥೆ, ಒಂದೇ ದಿನ ರಾಜ್ಯವೆಲ್ಲ ಮುಗಿಬಿದ್ದಾಗ ಏದುಸಿರು ಬಿಡುವ ತಂತ್ರಾಂಶ. ಕಿಟಕಿಯಲ್ಲಿ ಈ ಎಲ್ಲದಕ್ಕೂ ಸರ್ವರ್ ಎಂಬ ಒಂದೇ ಹೆಸರು. ಪಕ್ಕದ ಹೋಬಳಿಯಲ್ಲಿ ಪಹಣಿ ಸಿಗುತ್ತಿದ್ದರೆ ತೊಂದರೆ ಬೆಂಗಳೂರಿನದಲ್ಲ ಎಂದು ಧಾರಾಳವಾಗಿ ಹೇಳಬಹುದು.

ಬ್ಲೇಡಿನದೇ ಆದ ಅಪಾಯವೂ ಒಂದಿದೆ, ಅದು ಹಂಚಿಕೊಂಡದ್ದರಿಂದಲೇ ಬಂದದ್ದು. ಚಾಸಿಯ ನಿಯಂತ್ರಣ ತಂತ್ರಾಂಶಕ್ಕೆ ಹೊಸ ಆವೃತ್ತಿ ಹಾಕುವಾಗ ಎಡವಿದರೆ ಹದಿನಾರೂ ಸರ್ವರ್‌ಗಳಿಗೆ ಒಟ್ಟಿಗೆ ಪೆಟ್ಟು. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಇಟ್ಟ ಜೋಡಿ ಸರ್ವರ್‌ಗಳನ್ನು ಒಂದೇ ಚಾಸಿಯ ಅಕ್ಕಪಕ್ಕದ ಗೂಡಿನಲ್ಲಿ ಕೂರಿಸುವುದು ಜೋಡಿ ಇಡದಿದ್ದಂತೆಯೇ. ಇನ್ನೊಂದು ತೊಡಕು ವ್ಯಾಪಾರದ್ದು. ರ‍್ಯಾಕ್ ಸರ್ವರ್ ಯಾವ ಕಂಪನಿಯದಾದರೂ ಯಾರ ರ‍್ಯಾಕಿನಲ್ಲೂ ಕೂರುತ್ತದೆ. ಡೆಲ್ಲಿನ ಬ್ಲೇಡು ಎಚ್‌ಪಿಯ ಚಾಸಿಗೆ ಹೋಗುವುದಿಲ್ಲ. ಇಪ್ಪತ್ತು ವರ್ಷ ಕಳೆದರೂ ಎಲ್ಲರೂ ಒಪ್ಪಿದ ಒಂದು ಅಳತೆ ಬರಲಿಲ್ಲ. ಚಾಸಿ ಕೊಂಡವರು ಆ ಕಂಪನಿ ಹೇಳಿದ ಬೆಲೆಗೆ ಬ್ಲೇಡನ್ನೂ ಸ್ವಿಚ್ಚನ್ನೂ ಕೊಳ್ಳುತ್ತಲೇ ಇರಬೇಕು.

ಮಿಡ್‌ಪ್ಲೇನಿಗೂ ವಯಸ್ಸಾಗುತ್ತದೆ. ತಾಮ್ರದ ಗೆರೆ ಎಷ್ಟು ವೇಗ ತಡೆಯಬೇಕೆಂದು ಅಚ್ಚು ಹಾಕಿದ ದಿನವೇ ನಿಗದಿಯಾಗಿರುತ್ತದೆ, ನೆಟ್‌ವರ್ಕಿನ ವೇಗ ಅಲ್ಲಿಗೆ ನಿಲ್ಲುವುದಿಲ್ಲ. ಹೀಗಾಗಿ 2018ರ ಡೆಲ್ ಎಂಎಕ್ಸ್7000, 2021ರ ಸಿಸ್ಕೋ ಎಕ್ಸ್ ಸರಣಿ ಮಿಡ್‌ಪ್ಲೇನನ್ನೇ ಕೈಬಿಟ್ಟವು. ಎರಡೂ 7 ಯು ಎತ್ತರ, ಎಂಟು ಬ್ಲೇಡು. ಮುಂದೆ ನಿಂತ ಬ್ಲೇಡು ಹಿಂದೆ ಅಡ್ಡಲಾಗಿರುವ ಸ್ವಿಚ್ಚಿಗೆ ನೇರವಾಗಿ ಕಚ್ಚಿಕೊಳ್ಳುತ್ತದೆ, ನಡುವಿನ ಜಾಗದಲ್ಲಿ ಗಾಳಿ ಓಡಾಡುತ್ತದೆ.

ಕೃತಕ ಬುದ್ಧಿಮತ್ತೆಯ ಕಾಲ ಬ್ಲೇಡಿಗೆ ಅಷ್ಟು ಒಗ್ಗಲಿಲ್ಲ. ದಪ್ಪ ದಪ್ಪ ಜಿಪಿಯು ಕಾರ್ಡುಗಳಿಗೆ ಅದರ ತೆಳು ಮೈಯಲ್ಲಿ ಜಾಗವಿಲ್ಲ. ಆದರೆ ಅದರ ಉಪಾಯ ಸತ್ತಿಲ್ಲ. 2024ರಲ್ಲಿ ಎನ್‌ವಿಡಿಯಾ ಪ್ರಕಟಿಸಿದ ಎನ್‌ವಿಎಲ್72ರಲ್ಲಿ ಇಡೀ ರ‍್ಯಾಕೇ ಒಂದು ಚಾಸಿ. ಹದಿನೆಂಟು ತಟ್ಟೆಗಳಲ್ಲಿ ಹರಡಿದ 72 ಜಿಪಿಯುಗಳು ಹಿಂಬದಿಯ ಒಂದೇ ತಾಮ್ರದ ಪಟ್ಟಿಯಿಂದ ವಿದ್ಯುತ್ ಪಡೆಯುತ್ತವೆ, ಚಿಪ್ಪಿನ ನೆತ್ತಿಯ ಮೇಲೇ ದ್ರವ ಹರಿದು ಶಾಖ ಒಯ್ಯುತ್ತದೆ. ಒಂದು ರ‍್ಯಾಕಿನ ಬಳಕೆ ಸುಮಾರು 120 ಕಿಲೋವ್ಯಾಟ್.

ದಾವಣಗೆರೆ ಕಡೆಯ ಸಹಕಾರ ಸಂಘಗಳೂ ಕಾಲೇಜುಗಳೂ ಕಂಪ್ಯೂಟರ್ ಕೋಣೆ ಕಟ್ಟಿಸುವಾಗ ಮಾರಾಟಗಾರರು ಬ್ಲೇಡಿನ ಬಣ್ಣದ ಪುಸ್ತಕ ಹಿಡಿದು ಬರುತ್ತಾರೆ. ಎಂಟು ಸರ್ವರ್ ತುಂಬದ ಕಡೆ ಬ್ಲೇಡ್ ಬೇಡ. ಖಾಲಿ ಗೂಡುಗಳಿಗೆ, ದುಡಿಯದ ಫ್ಯಾನುಗಳಿಗೆ ಹಣ ಕೊಟ್ಟಂತಾಗುತ್ತದೆ. ಅಂಥವರಿಗೆ ಎರಡು ರ‍್ಯಾಕ್ ಸರ್ವರ್, ಒಳ್ಳೆಯ ಯುಪಿಎಸ್, ಬೇರೆ ಊರಿನಲ್ಲಿಟ್ಟ ಬ್ಯಾಕಪ್ ಸಾಕು. ಉಳಿದ ಹಣದಲ್ಲಿ ಎರಡನೇ ಇಂಟರ್‌ನೆಟ್ ಲೈನ್ ಹಾಕಿಸಿಕೊಳ್ಳಲಿ.